ಮಡಚದ ಕಾಲು

"ಒತ್ತಬ್ಯಾಡ, ಇನ್ನಷ್ಟು ಬಿಸಿ ಹತ್ತಲಿ," ಎನ್ನುತ್ತ ರಹಿಮಾನಸಾಬ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲನ್ನು ಶಟ್ಟೆಪ್ಪನ ಬಲಮೊಣಕಾಲಿಗೆ ಸುತ್ತಿದ. ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತಿದ್ದ ಗಂಗಪ್ಪ ಅಣ್ಣನ ಪಾದ ಹಿಡಿದು ಮೆಲ್ಲಗೆ ಒಳಗೆ ತಳ್ಳಿ ನೋಡಿದ. ಕಾಲು ಕದಲಲಿಲ್ಲ. ಅಷ್ಟು ತಳ್ಳಿದ್ದಕ್ಕೇ ಇಡೀ ದೇಹವೇ ಗೋಡೆಯಿಂದ ಓರೆಯಾಗಿ ಜಾರಿತು. ಇದು ನಾಲ್ಕನೆಯ ಸಲ.

ಸಾಲಹಳ್ಳಿಯ ಹಿಟ್ಟಿನ ಗಿರಣಿಯ ಶಟ್ಟೆಪ್ಪ ಅಂದು ನಸುಕಿನಲ್ಲಿ ತೀರಿಕೊಂಡಿದ್ದ. ಗಿರಣಿಯ ಬೀಗ ತೆಗೆಯಲು ಎದ್ದವನು ಅಂಗಳದ ಕಟ್ಟೆಯ ಮೇಲೆ ಕೂತು, ಎದೆ ಯಾಕೋ ಹಿಡಿದ ಹಾಗೆ ಆಗಿದೆ ಎಂದ. ಹೆಂಡತಿ ಸಾವಿತ್ರೆವ್ವ ನೀರು ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅರವತ್ತೆರಡು ವರ್ಷ ಯಾರಿಗೂ ತೊಂದರೆ ಕೊಡದೆ ಬದುಕಿದವನು ಹೋಗುವಾಗಲೂ ಯಾರನ್ನೂ ಕಾಯಿಸಲಿಲ್ಲ ಎಂದು ಓಣಿಯ ಹೆಂಗಸರು ಅತ್ತರು. ತೊಂದರೆ ಶುರುವಾದದ್ದು ಆಮೇಲೆ.

ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಜಳಕ ಮಾಡಿಸಿ, ವಿಭೂತಿ ಹಚ್ಚಿ, ಎರಡೂ ಕಾಲು ಮಡಚಿ ಕೂರಿಸುತ್ತಾರೆ. ಕೂತವರ ಅಂಗೈಯಲ್ಲಿ ಲಿಂಗ ಇಡುತ್ತಾರೆ. ಕೂತಂತೆಯೇ ಹೊತ್ತು ಒಯ್ದು, ಕೂತಂತೆಯೇ ಕುಣಿಯಲ್ಲಿ ಇಳಿಸುತ್ತಾರೆ. ಶಟ್ಟೆಪ್ಪನ ಎಡಗಾಲು ಹೇಳಿದ ಮಾತು ಕೇಳಿತು. ಬಲಗಾಲು ಮೂವತ್ಮೂರು ವರ್ಷದಿಂದ ಯಾರ ಮಾತನ್ನೂ ಕೇಳಿರಲಿಲ್ಲ, ಸತ್ತ ದಿನ ಮಾತ್ರ ಕೇಳಲಿ ಎಂದರೆ ಹೇಗೆ? ಗೋಡೆಗೆ ಆನಿಸಿದ್ದ ಅವನ ದೇಹದಿಂದ ಅದು ಸೀದಾ ಮುಂದಕ್ಕೆ ಚಾಚಿಕೊಂಡಿತ್ತು.

"ವೀರಪ್ಪಣ್ಣಾರನ್ನ ಕರಸೂಣು ವೈನಿ," ಎಂದ ಗಂಗಪ್ಪ ಅತ್ತಿಗೆಗೆ. "ಹಿಂಗ ಒಯ್ದರ ಮಂದಿ ಮತ್ತ ಹಳೇದು ತಗೀತಾರ. ನಮ್ಮಣ್ಣನ್ನ ಇನ್ನೊಂದು ದಿನ ನಗಸೂದು ಬ್ಯಾಡ."

ಸಾವಿತ್ರೆವ್ವ ಗಂಡನ ಮುಖ ನೋಡುತ್ತ ಕೂತಿದ್ದಳು. ಹುಬ್ಬಿನ ಸಂದಿಯಲ್ಲಿ ನಿನ್ನೆಯ ಹಿಟ್ಟು ಇನ್ನೂ ಉಳಿದಿತ್ತು. ಜಳಕ ಮಾಡಿಸಿದರೂ ಹೋಗಿರಲಿಲ್ಲ, ಎಂದೂ ಪೂರ್ತಿ ಹೋಗುತ್ತಲೂ ಇರಲಿಲ್ಲ. ವೀರಪ್ಪನ ಹೆಸರು ಕೇಳಿ ಅವಳು ಬೇಡ ಎನ್ನಲಿಲ್ಲ, ಕರೆಸಿ ಎಂದೂ ಅನ್ನಲಿಲ್ಲ. ಗಂಗಪ್ಪ ಅದನ್ನೇ ಒಪ್ಪಿಗೆ ಎಂದುಕೊಂಡು ಎದ್ದ.

ಊರಲ್ಲಿ ಯಾರೇ ಸಾಯಲಿ, ಕೂರಿಸುವ ಕೆಲಸ ಎಪ್ಪತ್ತರ ವೀರಪ್ಪನದು. ಸೆಟೆದ ದೇಹ ಅವನ ಕೈಯಲ್ಲಿ ಎಳೆಗೂಸಿನ ಹಾಗೆ ಮಡಚುತ್ತದೆ ಎಂಬ ಹೆಸರಿತ್ತು. ಆದರೆ ಈ ಮನೆಯ ಹೊಸ್ತಿಲನ್ನು ಅವನು ತುಳಿಯದೆ ಮೂವತ್ಮೂರು ವರ್ಷವಾಗಿತ್ತು. ಮಗಳ ಹೆಸರಿಡುವುದಕ್ಕೆ, ಮದುವೆಗೆ ಬಾರದಿದ್ದವನು ಸಾವಿಗೆ ಬಾರದೆ ಇರಲಾರ ಎಂದು ಕೆಲವರು, ಇವನ ಸಾವಿಗೆ ಬರಲಾರ ಎಂದು ಕೆಲವರು, ಅಂಗಳದಲ್ಲೇ ಎರಡು ಪಕ್ಷವಾದರು. ಅಷ್ಟರಲ್ಲಿ ವೀರಪ್ಪ ಬಂದೇ ಬಿಟ್ಟ. ಯಾರ ಮುಖವನ್ನೂ ನೋಡದೆ, ಚಪ್ಪಲಿ ಬಿಟ್ಟು ಒಳಗೆ ನಡೆದ.

*

ಸಾಲಹಳ್ಳಿಯ ಕಬಡ್ಡಿ ತಂಡ ಎಂದರೆ ಒಂದು ಕಾಲಕ್ಕೆ ಎದುರಾಳಿಗಳು ಬಸ್ಸಿನಲ್ಲೇ ಅರ್ಧ ಸೋತು ಇಳಿಯುತ್ತಿದ್ದರು. ರಾಮದುರ್ಗ, ಸವದತ್ತಿ, ಬೈಲಹೊಂಗಲ, ಎಲ್ಲಿ ಪಂದ್ಯ ನಡೆದರೂ ಗೆದ್ದವರಿಗೆ ಕೊಡುವ ಢಾಲು ಇಲ್ಲಿಗೇ ಬರುತ್ತಿತ್ತು. ಊರಿನ ಶಾಲೆಯ ಬಯಲಿನಲ್ಲಂತೂ ಹನ್ನೊಂದು ವರ್ಷ ಅವರನ್ನು ಯಾರೂ ಸೋಲಿಸಿರಲಿಲ್ಲ. ವೀರಪ್ಪ ಕ್ಯಾಪ್ಟನ್. ಮೂಲೆಯಲ್ಲಿ ಕಾಲು ಹಿಡಿಯುವವನು ರಹಿಮಾನಸಾಬ. ದಾಳಿಗೆ ಹೋಗುವವನು ಶಟ್ಟೆಪ್ಪ. ಅವನ ಬಲಗಾಲಿನ ಒದೆತಕ್ಕೆ ಸಿಗದ ಮನುಷ್ಯನಿಲ್ಲ ಎನ್ನುತ್ತಿದ್ದರು. ಆ ಕಾಲನ್ನು ನೋಡಲೆಂದೇ ಹೆಂಗಸರೂ ರೊಟ್ಟಿ ಬಡಿಯುವುದು ಬಿಟ್ಟು ಬಯಲಿಗೆ ಬರುತ್ತಿದ್ದರು.

ಆ ವರ್ಷ ಸಂಕ್ರಮಣದ ಮರುದಿನ ಸಂಪಗಾಂವದ ತಂಡ ಬಂತು. ಎಲ್ಲ ಇನ್ನೂ ಮೀಸೆ ಚಿಗುರದ ಹುಡುಗರು. ಸಾಲಹಳ್ಳಿಯವರು ಎಂಟು ದಿನ ಮಣ್ಣು ಜರಡಿ ಹಿಡಿದು, ನೀರು ಹೊಡೆದು ಅಂಕಣ ಸಜ್ಜು ಮಾಡಿದ್ದರು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಗೆಲುವು ಕೈಯಲ್ಲೇ ಇದೆ ಎಂದುಕೊಂಡು ಬೆಳಿಗ್ಗೆಯೇ ದೊಡ್ಡ ದೊಡ್ಡ ಹಂಡೆಗಳಲ್ಲಿ ಗೋಧಿ-ಬೆಲ್ಲದ ಮಾದಲಿ ಮಾಡಿ, ತುಪ್ಪ ಕಾಸಿ ಇಟ್ಟರು. ಗೆದ್ದ ಮೇಲೆ ಊರಿಗೆಲ್ಲ ಊಟ, ಹನ್ನೊಂದು ವರ್ಷದ ರೂಢಿ ಅದು.

ಸಂಪಗಾಂವದವರು ಇವರ ಆಟವನ್ನು ಮೂರು ಕಡೆ ಕೂತು ನೋಡಿಕೊಂಡು ಬಂದಿದ್ದರು. ಶಟ್ಟೆಪ್ಪ ಎಡಮೂಲೆಗೆ ಹೋಗುತ್ತಾನೆ, ಬಲಗಾಲು ಬೀಸುತ್ತಾನೆ ಎಂದು ಅವರಿಗೆ ಗೊತ್ತಿತ್ತು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಒಬ್ಬ ಪಾದ ಹಿಡಿದ, ಇನ್ನೊಬ್ಬ ಮೊಣಕಾಲಿನ ಮೇಲೆ ಬಿದ್ದ. ಹಿಡಿತದಲ್ಲಿ ತಪ್ಪಿರಲಿಲ್ಲ. ಮೂಳೆಯ ಸದ್ದು ಕೇಳಿತು ಎಂದು ಕೆಲವರು ಹೇಳಿದರು, ಏನೂ ಕೇಳಲಿಲ್ಲ ಎಂದು ಬಹಳ ಜನ ಹೇಳಿದರು. ಶಟ್ಟೆಪ್ಪ ಕುಂಟುತ್ತ ಹೊರಗೆ ಹೋದ.

ಬಿಡುವಿನ ನಂತರ ಅವನು ಮತ್ತೆ ಇಳಿದಾಗ ಬಯಲೆಲ್ಲ ಸಿಳ್ಳೆ. ಕಬಡ್ಡಿ, ಕಬಡ್ಡಿ ಎನ್ನುತ್ತ ಎದುರಿನ ಅಂಕಣದೊಳಗೆ ನಾಲ್ಕು ಹೆಜ್ಜೆ ಹೋದ. ಅಲ್ಲಿ ದಮ್ಮು ಬಿಟ್ಟ. ಯಾರೂ ಮುಟ್ಟಿರಲಿಲ್ಲ, ಯಾರೂ ಹತ್ತಿರ ಕೂಡ ಬಂದಿರಲಿಲ್ಲ. ತಾನಾಗಿಯೇ ಮಣ್ಣಿನ ಮೇಲೆ ಕೂತ. ಎದುರಿನ ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ನಕ್ಕರು.

ಉಳಿದದ್ದು ಆಟವಲ್ಲ. ನಲವತ್ತೇಳಕ್ಕೆ ಹನ್ನೊಂದು. ಮನೆಗೆ ಬಂದವರನ್ನು ಉಪವಾಸ ಕಳಿಸುವ ಊರಲ್ಲವಲ್ಲ ಅದು, ಗೆದ್ದವರನ್ನೇ ಪಂಕ್ತಿಯಲ್ಲಿ ಕೂರಿಸಿ ಆ ಮಾದಲಿಯನ್ನು ಬಡಿಸಬೇಕಾಯಿತು. ಸೋತ ಆಟಗಾರರೇ ಬಡಿಸಿದರು. ತುಪ್ಪ ಇನ್ನೊಂದಿಷ್ಟು ಹಾಕ್ರಿ ಎಂದು ಆ ಹುಡುಗರು ಕೇಳಿ ಕೇಳಿ ಹಾಕಿಸಿಕೊಂಡರು. ತಂಡ ಅಂದೇ ಒಡೆಯಿತು. ವೀರಪ್ಪ ಮತ್ತೆಂದೂ ಅಂಕಣಕ್ಕೆ ಇಳಿಯಲಿಲ್ಲ, ಶಟ್ಟೆಪ್ಪನ ಜೊತೆ ಮಾತೂ ಆಡಲಿಲ್ಲ. ಮತ್ತೆ ಇಳಿದು ಆಡುವಷ್ಟು ಗಟ್ಟಿ ಇದ್ದವನು ಹೆದರಿ ಕೂತ, ಕಾಲು ಕೆಟ್ಟದ್ದು ಆಮೇಲೆ ಎಂದೇ ಊರು ನಂಬಿತು. ಊರಿಗೆ ಮಾತ್ರ ಒಂದು ಮಾತು ಉಳಿಯಿತು. ನೇಗಿಲಿಗೆ ಕಟ್ಟಿದ ಎತ್ತು ನಡುಹೊಲದಲ್ಲಿ ಮಲಗಿದರೆ, ಮೋಟಾರು ಕೆಟ್ಟು ನಿಂತರೆ, ಶಟ್ಟೆಪ್ಪನಂಗ ಕುಂತಿತು ಎನ್ನುತ್ತಿದ್ದರು. ಅವನ ಎದುರಿಗೂ ಎನ್ನುತ್ತಿದ್ದರು, ಗಿರಣಿಯಲ್ಲಿ ಹಿಟ್ಟು ಬೀಸಿಸಿಕೊಳ್ಳುತ್ತಲೇ.

*

ವೀರಪ್ಪ ಮಂಡಿಯೂರಿ ಕಾಲನ್ನು ಪರೀಕ್ಷಿಸಿದ. ಟವೆಲು ತೆಗೆದು ಮೊಣಕಾಲಿನ ಚಿಪ್ಪನ್ನು ಬೆರಳಿನಿಂದ ಸುತ್ತ ಒತ್ತಿ ನೋಡಿದ.

ಬಿಸಿನೀರಿನಿಂದ ಆಗುವ ಕೆಲಸವಲ್ಲ ಎಂದ. ಇಬ್ಬರು ಸೊಂಟ ಹಿಡಿಯಬೇಕು, ಒಬ್ಬ ತೊಡೆ ಹಿಡಿಯಬೇಕು, ತಾನು ಒಂದೇ ಸಲ ಜೋರಾಗಿ ಒತ್ತುತ್ತೇನೆ, ಸದ್ದು ಬರುತ್ತದೆ, ಹೆಣ್ಣುಮಕ್ಕಳು ಹೊರಗಿದ್ದರೆ ಒಳ್ಳೆಯದು ಎಂದ. ಸತ್ತವರಿಗೆ ನೋವಿಲ್ಲ ಎಂದೂ ಸೇರಿಸಿದ. ಅದನ್ನು ಅವನು ಎಲ್ಲ ಮನೆಗಳಲ್ಲೂ ಹೇಳುತ್ತಿದ್ದ.

ಗಂಗಪ್ಪ ಅಂಗಿಯ ತೋಳು ಮಡಚಿದ. ರಹಿಮಾನಸಾಬನಿಗೆ ಮನಸ್ಸಿರಲಿಲ್ಲ, ಗೆಳೆಯನ ತೊಡೆಯ ಮೇಲೆ ಕೈ ಇಟ್ಟವನು ಬೇರೆ ಕಡೆ ಮುಖ ತಿರುಗಿಸಿದ.

ಆಗ ಸಾವಿತ್ರೆವ್ವ ಎದ್ದು ನಿಂತಳು. "ಎಲ್ಲಾರೂ ಒಂದ ಗಳಿಗಿ ಹೊರಗ ಹೋಗ್ರಿ," ಎಂದಳು. "ವೀರಪ್ಪಣ್ಣಾರು ಇರಲಿ."

ಸತ್ತವನ ಹೆಂಡತಿ ಹೀಗೆ ಎದ್ದು ನಿಂತು ಗಂಡಸರನ್ನು ಹೊರಗೆ ಕಳಿಸುವುದು ಆ ಓಣಿಯಲ್ಲಿ ಯಾರೂ ಕಂಡದ್ದಲ್ಲ. ಗಂಗಪ್ಪ ಏನೋ ಹೇಳಲು ಬಾಯಿ ತೆರೆದ. ರಹಿಮಾನಸಾಬ ಅವನ ರಟ್ಟೆ ಹಿಡಿದು ಹೊರಗೆ ಕರೆದುಕೊಂಡು ಹೋಗಿ ಬಾಗಿಲು ಎಳೆದುಕೊಂಡ.

*

ಪಂದ್ಯ ನಡೆದಾಗ ಅವಳು ಆ ಮನೆಗೆ ಬಂದು ಎಂಟು ತಿಂಗಳಾಗಿತ್ತು. ಮರುದಿನ ಶಟ್ಟೆಪ್ಪನ ಮೊಣಕಾಲು ಊದಿ ತೊಡೆಯ ಗಾತ್ರಕ್ಕೆ ಬಂದಿತ್ತು. ರಾಮದುರ್ಗದ ದವಾಖಾನೆಗೆ ಹೋಗೋಣ ಎಂದು ಅವಳು ಕೈಮುಗಿದು ಕೇಳಿಕೊಂಡಳು. ದವಾಖಾನೆಗೆ ಹೋಗಬೇಕಾದರೆ ಬಸ್ಸು ಹತ್ತಬೇಕು, ಬಸ್ಸು ಹತ್ತಬೇಕಾದರೆ ನಿಲ್ದಾಣದಲ್ಲಿ ನಿಲ್ಲಬೇಕು, ನಿಲ್ದಾಣದಲ್ಲಿ ಊರು ಇರುತ್ತದೆ. ಶಟ್ಟೆಪ್ಪ ಬರಲಿಲ್ಲ.

ಎಲುಬು ಕಟ್ಟುವವನನ್ನು ಮನೆಗೇ ಕರೆಸಿದರು. ಅವನು ಮೊಟ್ಟೆಯ ಬಿಳಿ, ಏನೇನೋ ಸೊಪ್ಪು ಅರೆದು ಹಚ್ಚಿ, ಬಿದಿರಿನ ದಬ್ಬೆ ಇಟ್ಟು ಬಿಗಿದು ಕಟ್ಟಿ, ನಲವತ್ತು ದಿನ ಎಂದ. ನಲವತ್ತು ದಿನ ಆದ ಮೇಲೆ ಶಟ್ಟೆಪ್ಪ ಇನ್ನಷ್ಟು ದಿನ ಇರಲಿ ಎಂದ. ಕಟ್ಟು ಇರುವ ತನಕ ಹೊರಗೆ ಬಾರದೆ ಇರಲು ಒಂದು ಕಾರಣವಿತ್ತು. ಹೀಗೆ ಐದು ತಿಂಗಳು ಕಳೆದು, ಕಟ್ಟು ಬಿಚ್ಚಿದಾಗ ಕಾಲು ಒನಕೆಯಾಗಿತ್ತು. ಹಗ್ಗ ಕಟ್ಟಿ ಎಳೆದರು, ಎಣ್ಣೆ ತಿಕ್ಕಿದರು, ಮಡಚಲಿಲ್ಲ.

ನಿಂತು ಮಾಡುವ ಕೆಲಸ ಬೇಕಾಗಿತ್ತು, ಗಿರಣಿ ಹಾಕಿದ. ಬೀಸಿದ ಹಿಟ್ಟನ್ನು ಎರಡು ಬೆರಳ ನಡುವೆ ತಿಕ್ಕಿ ನೋಡದೆ ಯಾರಿಗೂ ಕೊಡುತ್ತಿರಲಿಲ್ಲ. ಬಾಣಂತಿಯ ಮನೆಗೆ ಎಷ್ಟು ನುಣ್ಣಗೆ, ಹಲ್ಲು ಗಟ್ಟಿ ಇರುವವರ ಮನೆಗೆ ಎಷ್ಟು ತರಿಯಾಗಿ ಎಂಬುದು ಅವನಿಗೆ ಬಾಯಿಪಾಠ. ಮದುವೆಯ ಊಟಕ್ಕೆ ಮಾತ್ರ ಎಲ್ಲಿಗೂ ಹೋಗುತ್ತಿರಲಿಲ್ಲ. ಪಂಕ್ತಿಯಲ್ಲಿ ಕೂತರೆ ಕಾಲು ಎದುರಿನವರ ಎಲೆಗೆ ತಾಗುತ್ತದೆ, ಅನ್ನಕ್ಕೆ ಕಾಲು ಚಾಚಬಾರದು ಎನ್ನುತ್ತಿದ್ದ. ಮನೆಯಲ್ಲಿ ಉಣ್ಣಲು ಕೂತಾಗ ಸಾವಿತ್ರೆವ್ವ ಅವನ ಹಿಮ್ಮಡಿಯ ಕೆಳಗೆ ಮಡಚಿದ ಚೀಲ ಇಡುತ್ತಿದ್ದಳು, ಬರಿನೆಲ ಒತ್ತಿದರೆ ನೋವು ಸೊಂಟದವರೆಗೆ ಏರುತ್ತಿತ್ತು.

ಮಗಳು ರಾಜೇಶ್ವರಿ ಹುಟ್ಟಿದ ವರ್ಷ, ಯಾರದೋ ಬಾಯಲ್ಲಿ ಆ ಎತ್ತಿನ ಮಾತು ಕೇಳಿ ಸಾವಿತ್ರೆವ್ವ ಅಳುತ್ತ ಗಿರಣಿಗೆ ಬಂದಳು. ಕರೆಂಟು ಹೋಗಿ ಗಿರಣಿ ನಿಂತಿತ್ತು, ಬೇರೆ ಯಾರೂ ಇರಲಿಲ್ಲ. ಅವತ್ತು ಯಾಕೆ ಕೂತಿರಿ ಎಂದು ಮೊದಲ ಸಲ ಬಾಯಿಬಿಟ್ಟು ಕೇಳಿದಳು. ಶಟ್ಟೆಪ್ಪ ಯಾರ ಮುಂದೆಯೂ ಹೇಳುವುದಿಲ್ಲ ಎಂದು ಕೂಸಿನ ತಲೆ ಮುಟ್ಟಿಸಿ ಆಣೆ ಮಾಡಿಸಿಕೊಂಡು ಹೇಳಿದ.

ಬಿಡುವಿನಲ್ಲಿ ವೀರಪ್ಪ ಅವನನ್ನು ಶಾಲೆಯ ಹಿಂದಿನ ಗೋಡೆಯ ಮರೆಗೆ ಕರೆದುಕೊಂಡು ಹೋಗಿದ್ದ. ಮೊಣಕಾಲು ಬೇರೆ ದಿಕ್ಕಿಗೆ ಹೊರಳಿದ್ದು ಇಬ್ಬರಿಗೂ ಕಾಣುತ್ತಿತ್ತು. ನನ್ನಿಂದ ಆಗುವುದಿಲ್ಲ ಎಂದು ಶಟ್ಟೆಪ್ಪ ಹೇಳಿದ. ಹೋಗು, ಊರು ನೋಡುತ್ತಿದೆ ಎಂದು ವೀರಪ್ಪ ಹೇಳಿದ. ಇವನು ಹೋದ. ನಾಲ್ಕನೆಯ ಹೆಜ್ಜೆಗೆ ಕಣ್ಣು ಕತ್ತಲೆ ಬಂತು.

ಸಾವಿತ್ರೆವ್ವನಿಗೆ ಸಿಟ್ಟಿನಿಂದ ಮೈ ಉರಿಯಿತು. ಈಗಿಂದೀಗ ವೀರಪ್ಪನ ಮನೆಯ ಮುಂದೆ ನಿಂತು ಊರಿಗೆಲ್ಲ ಕೇಳುವ ಹಾಗೆ ಹೇಳಿಬರುತ್ತೇನೆ ಎಂದಳು. ಶಟ್ಟೆಪ್ಪ ತಲೆಯಾಡಿಸಿದ.

"ಹನ್ನೊಂದು ವರ್ಷ ಅವನ ಮಾತು ಕೇಳಿ ಗೆದ್ದೇವಿ," ಎಂದ. "ಒಂದ ಸರ್ತಿ ಕೇಳಿ ಸೋತೇವಿ. ಅದಕ್ಕೇನು ಬೀದಿಗೆ ಎಳೀತಿ? ಬಿಡು, ಅವನೂ ಸೋತಾನ."

*

ಬಾಗಿಲು ಮುಚ್ಚಿದ ಮೇಲೆ ಕೋಣೆಯಲ್ಲಿ ಊದುಬತ್ತಿಯ ಹೊಗೆ, ಗೋಡೆಗೆ ಒರಗಿದ ಶಟ್ಟೆಪ್ಪ, ಅವನ ಚಾಚಿದ ಕಾಲಿನ ಆಚೆ ಒಬ್ಬರು ಈಚೆ ಒಬ್ಬರು. ಸಾವಿತ್ರೆವ್ವ ಸೆರಗು ಸರಿಮಾಡಿಕೊಂಡು ಕೂತಳು. ದನಿ ಎತ್ತರಿಸಲಿಲ್ಲ.

"ಅಣ್ಣಾರ, ಆ ಹೊತ್ತು ಸಾಲಿ ಗ್ವಾಡಿ ಹಿಂದ ಈ ಕಾಲು ನೀವು ನೋಡಿದ್ರಿ."

ವೀರಪ್ಪ ತಲೆ ಎತ್ತಿದ.

"ನಿನಗ ಯಾರು ಹೇಳಿದ್ರವಾ?"

"ಅವರ ಹೇಳ್ಯಾರ. ಆಣಿ ಹಾಕಿಸಿಕೊಂಡು ಹೇಳ್ಯಾರ. ಇಷ್ಟು ವರ್ಷ ಯಾರ ಮುಂದೂ ಬಾಯಿ ಬಿಟ್ಟಿಲ್ಲ, ಇನ್ನ ಮ್ಯಾಲೂ ಬಿಡೂದಿಲ್ಲ. ಆದ್ರ ಅವತ್ತ ನೀವು ಹೋಗು ಅಂದ್ರಿ, ಒಲ್ಲೆ ಅಂದ್ರೂ ಹೋದ್ರು. ಇವತ್ತ ಒಲ್ಲೆ ಅನ್ನಾಕ ಅವರಿಗೆ ಬಾಯಿಲ್ಲ. ಅದಕ್ಕ ನಾ ಅನ್ನಾಕ ಹತ್ತೇನಿ. ಒತ್ತಬ್ಯಾಡ್ರಿ."

ವೀರಪ್ಪ ಆ ಮಾತನ್ನು ಪಂದ್ಯದ ಮರುದಿನವೇ ಊರಿಗೆ ಹೇಳಬೇಕೆಂದಿದ್ದ. ಮರುದಿನ ಆಗಲಿಲ್ಲ. ವಾರ ಬಿಟ್ಟು ಹೇಳೋಣ ಎಂದುಕೊಂಡ. ವರ್ಷ ಕಳೆದ ಮೇಲೆ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರಲ್ಲ ಎಂಬ ಭಯ ಸೇರಿಕೊಂಡಿತು. ಶಟ್ಟೆಪ್ಪ ಎದುರಾದರೆ ದಾರಿ ಬದಲಿಸುತ್ತಿದ್ದ. ಸೋಲಿನ ಸಿಟ್ಟು ಎಂದು ಊರು ತಿಳಿದುಕೊಂಡಿತು, ತಿಳಿದುಕೊಳ್ಳಲಿ ಎಂದು ಬಿಟ್ಟ. ಜನರಿಗೆ ಆ ಕಾಲಿನ ವಿಷಯದಲ್ಲಿ ಮೋಸ ಮಾಡಿದವನೇ ಊರಿನ ಎಲ್ಲರ ಕಾಲು ಮಡಚುವ ಹಿರಿಯನಾದ.

"ನನ್ನ ಮ್ಯಾಲ ಸಿಟ್ಟಿತ್ತೇನು ಅವಗ?" ಎಂದು ಕಡೆಗೂ ಕೇಳಿದ.

"ಸಿಟ್ಟಿದ್ರ ನಿಮ್ಮ ಮನಿ ಜ್ವಾಳ ಎಲ್ಲಾರಕಿಂತ ಮೊದಲ ಬೀಸಿ ಕಳಸ್ತಿದ್ರೇನ್ರಿ?"

ವೀರಪ್ಪನಿಗೆ ಅದು ಗೊತ್ತಿರಲಿಲ್ಲ. ಜೋಳ ಬೀಸಿಸಲು ಹೋಗುತ್ತಿದ್ದುದು ಅವನ ಹೆಂಡತಿ. ಎಷ್ಟೇ ಪಾಳಿ ಇದ್ದರೂ ಬೇಗ ಬರುತ್ತಾಳಲ್ಲ ಎಂದು ಒಂದೆರಡು ಸಲ ಅನಿಸಿದ್ದುಂಟು, ಯಾಕೆಂದು ಕೇಳಿರಲಿಲ್ಲ. ಈಗ ಆ ಕಾಲಿನ ಪಕ್ಕದಲ್ಲಿ ಕೂತು ಅವನು ಸಣ್ಣ ಮಕ್ಕಳ ಹಾಗೆ ಅತ್ತ. ಸಮಾಧಾನ ಹೇಳಲು ಸಾವಿತ್ರೆವ್ವನಿಗೆ ಮನಸ್ಸು ಬರಲಿಲ್ಲ, ಎದ್ದು ಹೋಗಲೂ ಬರಲಿಲ್ಲ.

ಅತ್ತು ಮುಗಿದ ಮೇಲೆ ವೀರಪ್ಪ ಬಾಗಿಲು ತೆರೆದು, ಹಿತ್ತಲಿನ ಬಣವೆಯಿಂದ ಒಂದು ಉದ್ದನೆಯ ಜೋಳದ ದಂಟು ಎಳೆದುಕೊಂಡು ಬಂದ. ಕುಣಿಯ ಅಳತೆಯನ್ನು ಸತ್ತವನ ಪಾದದಿಂದ ತೆಗೆಯುವುದು ರೂಢಿ. ಅವನು ಪಾದವನ್ನಷ್ಟೇ ಅಳೆಯಲಿಲ್ಲ. ದಂಟನ್ನು ಶಟ್ಟೆಪ್ಪನ ಸೊಂಟಕ್ಕೆ ಹಿಡಿದು, ಬಲಗಾಲಿನ ಉದ್ದಕ್ಕೂ ಇಟ್ಟು, ಹಿಮ್ಮಡಿಯ ಹತ್ತಿರ ಉಗುರಿನಿಂದ ಚಿವುಟಿ ಮುರಿದ.

"ಕುಣಿ ಇದರ ಅಳತಿಗೆ ತಗಿಯೂಣು," ಎಂದು ಗಂಗಪ್ಪನಿಗೆ ಹೇಳಿದ. "ಕಾಲು ಹೆಂಗೈತಿ ಹಂಗ ಇರಲಿ."

ಗಂಗಪ್ಪ ಒಪ್ಪಲಿಲ್ಲ. ಕುಣಿಗೆ ನಾಲ್ಕು ಮೂಲೆ ಇರಬೇಕು, ಕಾಲಿಗೆ ಬೇರೆ ಕಾಲುವೆ ತೋಡಿದರೆ ಅದು ಎಲ್ಲಿಯ ಶಾಸ್ತ್ರ ಎಂದ. ಮಠದ ಅಯ್ಯನವರನ್ನು ಕೇಳಿದರು. ಅಯ್ಯನವರು ಇಂಥದ್ದನ್ನು ಕಂಡವರಲ್ಲ, ಓದಿದವರೂ ಅಲ್ಲ. ಕೊಂಚ ಹೊತ್ತು ಗಡ್ಡ ನೀವಿಕೊಂಡು, ಲಿಂಗ ಅಂಗೈಯಲ್ಲಿ ನೆಟ್ಟಗೆ ಇದ್ದರೆ ಸಾಕು, ಕಾಲಿನ ಚಿಂತೆ ಶಿವನಿಗಿಲ್ಲ ಎಂದುಬಿಟ್ಟರು. ಗಂಗಪ್ಪನ ಬಾಯಿ ಅಲ್ಲಿಗೆ ಮುಚ್ಚಿತು, ಮುಖ ಮಾತ್ರ ಗಂಟಿಕ್ಕಿಯೇ ಇತ್ತು.

ಬೈಲಹೊಂಗಲಕ್ಕೆ ಮದುವೆಯಾಗಿ ಹೋಗಿದ್ದ ರಾಜೇಶ್ವರಿ ಹನ್ನೊಂದರ ಹೊತ್ತಿಗೆ ಬಂದಳು. ದಾರಿಯುದ್ದಕ್ಕೂ ಅಪ್ಪನನ್ನು ಹೇಗೆ ಕೂರಿಸಿರುತ್ತಾರೋ, ಆ ಕಾಲಿಗೆ ಏನು ಮಾಡಿರುತ್ತಾರೋ ಎಂದೇ ಹೆದರಿಕೊಂಡು ಬಂದಿದ್ದಳಂತೆ. ಬಾಗಿಲಲ್ಲಿ ನಿಂತು ನೋಡಿದಳು. ಹಣೆತುಂಬ ವಿಭೂತಿ, ಕೊರಳಲ್ಲಿ ಹೂವು, ಒಂದು ಕಾಲು ಮಡಚಿ, ಒಂದು ಕಾಲು ಚಾಚಿ, ಗಿರಣಿಯ ಕಟ್ಟೆಯ ಮೇಲೆ ದಿನಾ ಕೂರುತ್ತಿದ್ದ ಹಾಗೆಯೇ ಅಪ್ಪ ಕೂತಿದ್ದ. ಅವಳು ಓಡಿಬಂದು ಆ ಪಾದವನ್ನೇ ತಬ್ಬಿಕೊಂಡು ಅತ್ತಳು. ಹಾಗೆ ಕೂತ ಅಪ್ಪನನ್ನು ನೋಡಿ ಅವಳಿಗೆ ದುಃಖದ ಜೊತೆ ಎಂಥದೋ ಸಮಾಧಾನವೂ ಆಯಿತು.

*

ದೇಹವನ್ನು ಕೂರಿಸಿ ಒಯ್ಯುವ ವಿಮಾನ ಕಟ್ಟುವಾಗ ರಹಿಮಾನಸಾಬ ತನ್ನ ಟೆಂಪೋದ ಹಿಂದಿನ ಹಲಗೆಯೊಂದನ್ನು ಬಿಚ್ಚಿ ತಂದು, ಕುರ್ಚಿಯ ಮುಂದೆ ಕಾಲಿಗೆ ಆಸರೆಯಾಗುವಂತೆ ಬಿಗಿದ. ಅದಕ್ಕೂ ಚೆಂಡುಹೂವಿನ ಮಾಲೆ ಸುತ್ತಿದರು. ಭಜನೆಯವರು ತಾಳ ಹಾಕುತ್ತ ಮುಂದೆ ನಡೆದರು. ಓಣಿ ತಿರುಗುವಲ್ಲೆಲ್ಲ ಕಾಲು ಯಾರದೋ ಗೋಡೆಗೆ ಅಡ್ಡ ಬರುತ್ತಿತ್ತು. ಹೊತ್ತವರು ಹಿಂದೆ ಸರಿದು, ಓರೆಯಾಗಿ, ಮತ್ತೆ ಮುಂದೆ ಹೋಗಬೇಕಾಗುತ್ತಿತ್ತು. ಗಿರಣಿಯಲ್ಲಿ ಪಾಳಿ ನಿಂತು ಬೇಸರಪಟ್ಟವರೂ ಅಂದು ಅವಸರ ಮಾಡಲಿಲ್ಲ.

ಮನೆಯವರ ಹೊಲದ ಬದುವಿನಲ್ಲಿ ಕುಣಿ ತಯಾರಾಗಿತ್ತು. ಕರಿಮಣ್ಣಿನಲ್ಲಿ ನಾಲ್ಕು ಮೂಲೆಯ ಆಳವಾದ ಕುಣಿ, ಅದರ ಒಂದು ಮಗ್ಗುಲಿಗೆ ಬದುವಿನ ಕಡೆ ಚಾಚಿದ ಒಂದೂವರೆ ಗೇಣು ಅಗಲದ ಕಾಲುವೆ. ಬೆಳಗಿನಿಂದ ಅಲ್ಲೇ ನಿಂತು, ದಂಟು ಇಟ್ಟು ಇಟ್ಟು ನೋಡಿ ವೀರಪ್ಪ ತೋಡಿಸಿದ್ದ. ಈಗ ದೇಹವನ್ನು ಇಳಿಸಿಕೊಳ್ಳಲು ತಾನೇ ಒಳಗೆ ಇಳಿದು ನಿಂತಿದ್ದ. ಈ ವಯಸ್ಸಿನಲ್ಲಿ ಬೇಡ ಎಂದವರ ಮಾತು ಕೇಳಿರಲಿಲ್ಲ.

ಜನ ಸುತ್ತ ನೆರೆದರು. ಕಾಲುವೆ ಕಂಡವರು ಒಬ್ಬರನ್ನೊಬ್ಬರು ತಿವಿದರು. ಕಿರಾಣಿ ಅಂಗಡಿಯ ಸಿದ್ಧಾರೂಢ ಕೆಟ್ಟ ಮನುಷ್ಯನೇನಲ್ಲ, ಎರಡು ಹೊತ್ತು ಶಟ್ಟೆಪ್ಪನ ಜೊತೆ ಚಹಾ ಕುಡಿದವನು. ನಾಲಿಗೆಯ ರೂಢಿ ಬಿಡಬೇಕಲ್ಲ, ಪಾಪ, ಕಡೆಗೂ ಶಟ್ಟೆಪ್ಪನ ಹಾಗೆಯೇ ಕೂತ ಎಂದ. ಪಕ್ಕದವನಿಗೆ ಹೇಳಿದ್ದು ಕುಣಿಯವರೆಗೆ ಕೇಳಿಸಿತು. ನಾಲ್ಕಾರು ಜನ ತಲೆ ತಗ್ಗಿಸಿ ನಕ್ಕರು. ಸಾವಿತ್ರೆವ್ವ ಮಗಳ ಕೈ ಹಿಡಿದುಕೊಂಡಳು, ನೆಲ ನೋಡಿದಳು. ಅದೇ ಮಗಳ ತಲೆ ಮುಟ್ಟಿ ಆಣೆ ಮಾಡಿದ್ದಳು.

ವೀರಪ್ಪ ಕುಣಿಯೊಳಗಿಂದ ಮುಖ ಎತ್ತಿದ.

"ಅವ ಕುಂತಿದ್ದಿಲ್ಲ, ಸಿದ್ಧಾರೂಢ," ಎಂದ. ಭಜನೆಯವರ ತಾಳ ನಿಂತಿತು. "ಮೊಣಕಾಲು ಮುರದಿತ್ತು. ಆಗೂದಿಲ್ಲ ಅಂತ ನನಗ ಹೇಳಿದ್ದ. ನಾ ಕಣ್ಣಾರೆ ನೋಡಿ, ಹೋಗು ಅಂತ ಕಳಿಸಿದ್ದೆ. ಮುರದ ಕಾಲಿನ್ಯಾಗ ನಾಕ ಹೆಜ್ಜಿ ಹೋಗಿದ್ದ. ಸೋತಾವ ನಾನು. ಮೂವತ್ಮೂರು ವರ್ಷ ಅವನ ಮ್ಯಾಲ ಹಾಕಿ ಸುಮ್ಮ ಕುಂತಾವನೂ ನಾನ."

ಆ ಪಂದ್ಯದ ನಂತರ ಹುಟ್ಟಿದವರು ಏನೂ ತಿಳಿಯದೆ ಹಿರಿಯರ ಮುಖ ನೋಡಿದರು, ಹಿರಿಯರು ಎತ್ತ ನೋಡಬೇಕೋ ತಿಳಿಯದೆ ಹೊಲ ನೋಡಿದರು. ಗಂಗಪ್ಪನ ಮುಖದ ಗಂಟು ಸಡಿಲಾಯಿತು. ಅವನು ಅಣ್ಣನ ವಿಮಾನದ ಕಂಬ ಹಿಡಿದುಕೊಂಡು ಬಿಕ್ಕಿದ, ಬೆಳಗಿನಿಂದ ಅವನು ಅತ್ತಿರಲಿಲ್ಲ. ಸಿದ್ಧಾರೂಢ ಹಿಂದಕ್ಕೆ ಸರಿದು ಜನರ ನಡುವೆ ಮರೆಯಾದ. ರಹಿಮಾನಸಾಬ ಮಾತ್ರ ಕುಣಿಯ ಅಂಚಿನಲ್ಲಿ ಕೂತು ವೀರಪ್ಪನನ್ನೇ ದಿಟ್ಟಿಸಿದ. ಮೂಲೆಯಲ್ಲಿ ಆಡುತ್ತಿದ್ದ ಅವನಿಗೆ ಒಳಗೊಳಗೆ ಅನುಮಾನವಿತ್ತು, ಕೇಳುವ ಧೈರ್ಯ ಎಂದೂ ಬಂದಿರಲಿಲ್ಲ.

"ಹಿಡೀರಿ ಅಣ್ಣಾ, ಇಳಸ್ತೀವಿ," ಎಂದಷ್ಟೇ ಹೇಳಿದ.

ನಾಲ್ಕು ಜನ ಮೇಲಿನಿಂದ ಬಟ್ಟೆಯ ಜೋಲಿಯಲ್ಲಿ ಇಳಿಸಿದರು, ವೀರಪ್ಪ ಎದೆಗೆ ಆನಿಸಿಕೊಂಡು ಹಿಡಿದ. ಶಟ್ಟೆಪ್ಪ ತನ್ನ ಜಾಗದಲ್ಲಿ ಕೂತ, ಕಾಲು ತನ್ನ ಕಾಲುವೆಯಲ್ಲಿ ಸೇರಿತು. ಅಳತೆ ಒಂದು ಬೆರಳೂ ತಪ್ಪಿರಲಿಲ್ಲ. ಅಯ್ಯನವರು ಮಂತ್ರ ಹೇಳಿ ಬಿಲ್ವಪತ್ರೆ ಕೊಟ್ಟರು. ವಿಭೂತಿ, ಉಪ್ಪು ತುಂಬಿದ ಬುಟ್ಟಿಗಳು ಕೈಯಿಂದ ಕೈಗೆ ಬಂದವು. ವೀರಪ್ಪ ಮೊಣಕಾಲಿನ ಕೆಳಗಿನ ಸಂದನ್ನು ಹಿಡಿ ಹಿಡಿಯಾಗಿ ವಿಭೂತಿಯಿಂದ ತುಂಬಿದ.

"ಅಣ್ಣಾರ," ಎಂದಳು ಸಾವಿತ್ರೆವ್ವ. ಮೊದಲ ಸಲ ಅವಳ ದನಿ ಒಡೆದಿತ್ತು. "ಹಿಮ್ಮಡಿ ಬರಿ ನೆಲಕ್ಕ ಹತ್ತಿದ್ರ ಅವರಿಗೆ ತ್ರಾಸ ಆಗತೈತ್ರಿ. ಕೆಳಗ ಏನರ ಇಡ್ರಿ."

ಮೇಲೆ ನಿಂತವರು ಅತ್ತಿತ್ತ ಹುಡುಕಿದರು. ಒಬ್ಬ ಹೆಗಲ ಮೇಲಿನ ಟವೆಲು ತೆಗೆದ, ಇನ್ನೊಬ್ಬ ವಿಭೂತಿಯ ಖಾಲಿ ಚೀಲ ಚಾಚಿದ. ವೀರಪ್ಪ ಎರಡನ್ನೂ ತೆಗೆದುಕೊಳ್ಳಲಿಲ್ಲ. ತಲೆಗೆ ಸುತ್ತಿದ್ದ ರುಮಾಲನ್ನು ಬಿಚ್ಚಿದ. ಏಳೆಂಟು ಮೊಳದ ಬಿಳಿ ಬಟ್ಟೆ ಅದು, ಬಿಚ್ಚಲು ಹೊತ್ತು ಹಿಡಿಯಿತು. ಅದನ್ನು ಮಡಚಿ, ಮತ್ತೆ ಮಡಚಿ, ದಿಂಬಿನಷ್ಟು ಮಾಡಿದ. ಆಮೇಲೆ ಎರಡೂ ಕೈಯಿಂದ ಶಟ್ಟೆಪ್ಪನ ಪಾದ ಎತ್ತಿ, ಹಿಮ್ಮಡಿಯ ಕೆಳಗೆ ಇಟ್ಟ. ಸರಿಯಾಗಿ ಕೂತಿತೇ ಎಂದು ಒಮ್ಮೆ ತೆಗೆದು, ಇನ್ನೊಂದು ಮಡಿಕೆ ಹೆಚ್ಚು ಮಾಡಿ, ಮತ್ತೆ ಇಟ್ಟ.

ರಹಿಮಾನಸಾಬ ಕೈ ಕೊಟ್ಟು ಅವನನ್ನು ಮೇಲಕ್ಕೆ ಎಳೆದುಕೊಂಡ. ಮಧ್ಯಾಹ್ನದ ಬಿಸಿಲಿನಲ್ಲಿ, ಬೂದಿ ಮೆತ್ತಿದ ಕೈಗಳನ್ನು ಜೋಡಿಸಿಕೊಂಡು ವೀರಪ್ಪ ಕುಣಿಯ ತುದಿಯಲ್ಲಿ ನಿಂತ. ಅಂಕಣ ಬಿಟ್ಟ ಮೇಲೆ ಊರಿನವರು ಅವನ ಬರಿತಲೆ ನೋಡಿದ್ದು ಅದೇ ಮೊದಲು.